ಮೈಗೆ ಕೇಳುವ ಸ್ವರ

ಆ ದಂತವೈದ್ಯರು ಯಾರ ಮನೆಗೆ ಹೋದರೂ, ಕೂರುವ ಮುನ್ನ ಗೋಡೆಗೆ ಅಂಗೈಯೊತ್ತಿ ಒಂದು ಗಳಿಗೆ ನಿಲ್ಲುತ್ತಿದ್ದರು. ನೋಡಿದವರಿಗೆ ಮನೆಯ ನಾಡಿ ಹಿಡಿದಂತೆ ಕಾಣುತ್ತಿತ್ತು. ಹಿಮ್ಮಡಿಯೂರಿ ದಪದಪ ಇಡುವ ಹೆಜ್ಜೆ, ಒಂದಾದರೂ ಗುಂಡಿ ತಪ್ಪಿರುವ ಕಂದು ಕೋಟು, ಯಾರು ಏನೆಂದರೂ ಒಂದು ಗಂಭೀರವಾದ 'ಹೌದಾ'. ಆ 'ಹೌದಾ' ಈಚೆಗೆ ಪ್ರಶ್ನೆಗಳಿಗೂ ಉತ್ತರವಾಗಿ ಬರತೊಡಗಿದ್ದನ್ನು ಹೆಂಡತಿ ಗಮನಿಸಿದ್ದರು. ವಯೋಸಹಜ ಅನ್ಯಮನಸ್ಕತೆಯೆಂದು ತಮಗೆ ತಾವೇ ಸಮಾಧಾನ ಹೇಳಿಕೊಂಡಿದ್ದರು.

ಅಂಥವರು ಬೀರುವಿನಷ್ಟು ದೊಡ್ಡ ಸಬ್‌ವೂಫರ್ ಧ್ವನಿಪೆಟ್ಟಿಗೆಯೊಂದನ್ನು ತರಿಸಿ ನಡುಮನೆಯಲ್ಲಿ ಪ್ರತಿಷ್ಠಾಪಿಸಿದರು. ಕಿವಿಗೆ ನಿಲುಕದಷ್ಟು ತಗ್ಗಿನ ಸ್ವರಗಳನ್ನೂ ಅದು ಹೊರಡಿಸುತ್ತದಂತೆ. ಹೆಂಡತಿಯ ತಮ್ಮ, ಚಿತ್ರಮಂದಿರದಲ್ಲಿ ಧ್ವನಿಯ ಉಸ್ತುವಾರಿ ನೋಡುವವನು, ಹಾಡುಗಳಲ್ಲಿ ಅಷ್ಟು ಕೆಳಗೆ ಏನೂ ಇರುವುದಿಲ್ಲ, ಸಿನಿಮಾದ ಸ್ಫೋಟಗಳಿಗಾದರೆ ಸೈ, ಮನೆಗೆ ದಂಡ ಎಂದು ಬಿಡಿಸಿ ಹೇಳಿದ. ಭಾವ 'ಹೌದಾ' ಎಂದರು.

ಸ್ವಿಚ್ಚು ಹಾಕಿದರೆ ಸದ್ದು ಹೆಚ್ಚೇನೂ ಇರುತ್ತಿರಲಿಲ್ಲ. ಕಿಟಕಿಯ ಗಾಜು ನಡುಗುತ್ತಿತ್ತು, ಲೋಟದ ನೀರಿನಲ್ಲಿ ಉಂಗುರಗಳೇಳುತ್ತಿದ್ದವು. ಹೆಂಡತಿಗೋ ಕಾರಣವಿಲ್ಲದೆ ಎದೆ ಹಿಂಡಿದಂತಾಗಿ, ಎಲ್ಲೋ ಯಾರಿಗೋ ಏನೋ ಆಗಿದೆ, ಸುದ್ದಿ ಇನ್ನೇನು ಬಾಗಿಲಿಗೆ ಬರುತ್ತದೆ ಎನ್ನಿಸುತ್ತಿತ್ತು.

ಒಂದು ಸಂಜೆ ಮೇಲಿನ ಮನೆಯ ಅಜ್ಜಿ ಭೂಕಂಪವೆಂದು ಹೆದರಿ, ಬರಿಗಾಲಲ್ಲೇ ಇಳಿದುಬಂದು ಕರೆಗಂಟೆ ಒತ್ತಿದರು. ಬಟ್ಟೆ ಒಣಹಾಕುತ್ತಿದ್ದ ಹೆಂಡತಿ, ಗಂಡ ತೆಗೆದಾರೆಂದು ಕಾದರು. ಗಂಟೆ ಮತ್ತೆ ಮತ್ತೆ ಕೂಗಿತು. ಬಂದು ನೋಡಿದರೆ, ಬಾಗಿಲಿಗೆ ಎರಡು ಮಾರು ದೂರದಲ್ಲಿ, ಪೆಟ್ಟಿಗೆಯ ಪಕ್ಕ ನೆಲಕ್ಕೆ ಅಂಗೈಯೂರಿ ಕುಳಿತ ವೈದ್ಯರು ಕಣ್ಣುಮುಚ್ಚಿ ತಲೆದೂಗುತ್ತಿದ್ದಾರೆ. ಹಾಡಿನ ಸದ್ದು ಗಂಟೆಯನ್ನು ಮುಚ್ಚುವಷ್ಟೇನೂ ಇರಲಿಲ್ಲ.

ಅಜ್ಜಿಗೆ ಧೈರ್ಯ ಹೇಳಿ ಕಳಿಸಿ, ಯಂತ್ರ ನಿಲ್ಲಿಸಿ, ಆಕೆ ಅವರೆದುರು ಕುಳಿತರು.

"ಗಂಟೆ ಕೇಳಿಸ್ಲಿಲ್ವಾ?"

ಈ ಬಾರಿ ಅವರು 'ಹೌದಾ' ಎನ್ನಲಿಲ್ಲ. ಹಲ್ಲು ಕೊರೆಯುವ ಯಂತ್ರದ ಕೀರಲಿಗೆ ಕಿವಿಯೊಡ್ಡಿ ಬಾಳು ಸವೆದದ್ದು, ಮೇಲಿನ ಸ್ವರಗಳು ಒಂದೊಂದಾಗಿ ಕಳಚಿಕೊಳ್ಳುತ್ತಿರುವುದು, ಹೋದದ್ದು ಬಾರದೆಂದು ಕಿವಿಯ ವೈದ್ಯರು ಕೈಚೆಲ್ಲಿದ್ದು, ಎಲ್ಲವನ್ನೂ ತಮ್ಮ ಕುರ್ಚಿಯಲ್ಲಿ ಬಾಯಿ ತೆರೆಯಲಂಜುವ ರೋಗಿಗಳಂತೆ ತಡೆತಡೆದು ಹೇಳಿದರು.

"ಇದೊಂದು ಇನ್ನೂ ಬರುತ್ತೆ ನೋಡು. ಮೈಗೆ ಬರುತ್ತೆ."

"ನನ್ನ ದನಿ?"

"ನಿನ್ನ ಮುಖ ನೋಡ್ತಾ ಇದ್ರೆ ಗೊತ್ತಾಗುತ್ತೆ."

"ಅಡುಗೆಮನೆಯಿಂದ ಕರೆದ್ರೆ?"

ಅವರು ನಿಂತುಹೋಗಿದ್ದ ಪೆಟ್ಟಿಗೆಯ ಮೇಲೆ ಅಂಗೈಯಿಟ್ಟರು.

ಪೆಟ್ಟಿಗೆ ಉಳಿಯಿತು. ಅಜ್ಜಿ ಸಂಜೆಯ ತಿರುಗಾಟಕ್ಕೆ ಹೊರಟು ರಸ್ತೆಯ ತಿರುವು ದಾಟುವವರೆಗೆ ಹೆಂಡತಿ ಕಿಟಕಿಯಲ್ಲಿ ಕಾವಲು ನಿಂತು, ಆಮೇಲೆ ಸ್ವಿಚ್ಚು ಹಾಕಲು ಗಂಡನಿಗೆ ಕೈಸನ್ನೆ ಮಾಡುತ್ತಾರೆ. ನೆಲ ನಡುಗಿದಾಗ ಆಕೆಯ ಎದೆ ಈಗಲೂ ಹಿಂಡುತ್ತದೆ. ಯಾರಿಗಾಗಿ ಎಂಬುದು ಈಗ ಗೊತ್ತು, ಅಷ್ಟೇ. ಒಮ್ಮೊಮ್ಮೆ ಒಲೆಯ ಮುಂದಿನಿಂದ ಸುಮ್ಮನೆ "ರೀ" ಎಂದು ಕರೆದು ಕಾಯುತ್ತಾರೆ.

ಇಂಥವರು ಕಳೆದುಕೊಳ್ಳುತ್ತಿರುವುದನ್ನು ಬಾಯಿಬಿಟ್ಟು ಹೇಳುವವರಲ್ಲ. ಭೀತನೆನ್ನಿಸಿಕೊಳ್ಳುವುದಕ್ಕಿಂತ ಹಟಮಾರಿಯೆನ್ನಿಸಿಕೊಳ್ಳುವುದೇ ವಾಸಿಯೆಂದು ಬಗೆದು ಅವರು ಮನೆಗೆ ಏನನ್ನೋ ಹೊತ್ತುತರುತ್ತಾರೆ. ನಾವು ಅದರಿಂದ ಪ್ರಯೋಜನವೇನೆಂದು ವಾದಿಸುತ್ತಿರುವಾಗ, ಅವರು ಇನ್ನೂ ಉಳಿದಿರುವಷ್ಟಕ್ಕೆ ಒತ್ತಿಕೊಂಡು ಕುಳಿತಿರುತ್ತಾರೆ.