ಮೆತ್ತಗೆ ಮಾಡುವ ಮೇಜು

ಕಂಪನಿಯ ಎರಡನೇ ಮಹಡಿಯಲ್ಲಿ, ನೀರಿನ ಫಿಲ್ಟರಿನ ಪಕ್ಕ ಇದ್ದ ಮೇಜನ್ನು ಎಲ್ಲರೂ ಮೆತ್ತಗೆ ಮಾಡುವ ಮೇಜು ಅಂತಲೇ ಕರೆಯುತ್ತಿದ್ದರು. ಅಲ್ಲಿ ಕೂರುವವಳಿಗೆ ಆಫೀಸಿನವರು ಇಟ್ಟ ಹೆಸರು 'ಬಹುಶಃ ಅಕ್ಕ'. ಹಳೆಯ ಕಟ್ಟಡಗಳನ್ನು ಪರೀಕ್ಷಿಸಿ ಇಂಗ್ಲಿಷಿನಲ್ಲಿ ವರದಿ ಕೊಡುವುದು ಕಂಪನಿಯ ಕೆಲಸ. ಇಂಜಿನಿಯರುಗಳು ಬರೆದು ತಂದ ಇಂಗ್ಲಿಷಿನ ಹಲ್ಲು ಕೀಳುವುದು ಅಕ್ಕನ ಕೆಲಸ. ಕಂಬ ಕುಸಿಯುತ್ತದೆ ಅಂತ ಯಾರಾದರೂ ಬರೆದರೆ, ಅವಳ ಕೈ ದಾಟುವ ಹೊತ್ತಿಗೆ ಅದು, ಕೆಲವು ಸಂದರ್ಭಗಳಲ್ಲಿ ಕಂಬದ ಬಲ ಕುಗ್ಗುವ ಸಾಧ್ಯತೆಯನ್ನು ಪೂರ್ತಿಯಾಗಿ ತಳ್ಳಿಹಾಕಲಾಗದು, ಅಂತ ಆಗಿರುತ್ತಿತ್ತು. ವಿಲ್ ಇದ್ದಲ್ಲಿ ಮೇ ಬರುತ್ತಿತ್ತು, ಮೇ ಇದ್ದಲ್ಲಿ ಮೈಟ್. ಅದೂ ಖಾರ ಅನ್ನಿಸಿದರೆ ಮುಂದೆ ಒಂದು ಪಾಸಿಬ್ಲಿ. ನಾಳೆ ಯಾರೂ ಕೋರ್ಟಿಗೆ ಎಳೆಯದಿರಲಿ ಅಂತ ಮೇಲಿನವರು ಮಾಡಿದ್ದ ಏರ್ಪಾಡು ಅದು. ಇನ್ನೂ ಒಂದು ಕಟ್ಟುನಿಟ್ಟಿತ್ತು: ತಿದ್ದಿದ ವರದಿ ಹೊರಗೆ ಹೋದ ದಿನವೇ ಮೊದಲಿನ ಪ್ರತಿಯನ್ನೂ ಫೋಟೋಗಳನ್ನೂ ಅಳಿಸಿಬಿಡಬೇಕು. ಕಟ್ಟಡದ ವಿಳಾಸವೂ ಅವಳಿಗೆ ಕಾಣುತ್ತಿರಲಿಲ್ಲ. ಬರೀ ಒಂದು ನಂಬರು.

ಹನ್ನೊಂದು ವರ್ಷ ಈ ಕೆಲಸ ಮಾಡಿ ಅವಳ ನಾಲಿಗೆಯೂ ಹಾಗೇ ಆಗಿತ್ತು. ಊಟ ಆಯ್ತಾ ಅಂದರೆ, ಆದ ಹಾಗಿದೆ ಅನ್ನುತ್ತಿದ್ದಳು.

ಒಂದು ಶನಿವಾರ ಮಧ್ಯಾಹ್ನ ಅವಳು ತಂಗಿಯ ಮನೆಗೆ ಹೋದಳು. ನಾಲ್ಕು ಮಹಡಿಯ ಕಟ್ಟಡ, ತಂಗಿ ಇರುವುದು ಮೂರನೆಯದರಲ್ಲಿ. ಲಿಫ್ಟಿನ ಬಾಗಿಲ ಪಕ್ಕ ಒಂದು ಕಾಗದ ಅಂಟಿಸಿದ್ದರು. ಸುಮ್ಮನೆ ಕಣ್ಣಾಡಿಸಿದಳು. ಎರಡನೇ ಸಾಲನ್ನು ಮತ್ತೊಮ್ಮೆ ಓದಿದಳು. ಆ ವಾಕ್ಯ ಅವಳದು. ಅಲ್ಪವಿರಾಮ ಹಾಕಿದ ಜಾಗವೂ ಅವಳದೇ. ಮೂರು ತಿಂಗಳ ಹಿಂದಿನ ತಾರೀಕು, ಪಕ್ಕದಲ್ಲಿ ಕಂಪನಿಯ ನಂಬರು.

ಮೇಲೆ ಹೋದವಳು ಚಪ್ಪಲಿ ಬಿಡುವುದನ್ನೂ ಮರೆತು ಕೇಳಿದಳು, "ಕೆಳಗೆ ಅಂಟಿಸಿರೋದು ಓದಿದ್ಯಾ?"

"ಓದದೆ ಏನು? ನೆಲಮಾಳಿಗೆ ಕಂಬದ ವಿಷಯ ತಾನೆ?" ತಂಗಿ ಸೊಪ್ಪು ಬಿಡಿಸುತ್ತಾ ಕೂತಿದ್ದಳು. "ಮೇ ಅಂತ ಇದೆ ಅಷ್ಟೆ. ಮಳೆ ಬರಬಹುದು ಅಂತಾರಲ್ಲ, ಹಾಗೆ. ಎಷ್ಟು ಸಲ ಛತ್ರಿ ಹೊತ್ಕೊಂಡು ಹೋಗಿ ನೆನೀದೇ ವಾಪಸ್ ಬಂದಿಲ್ಲ ನಾನು."

"ಸ್ವಲ್ಪ ದಿನ ನಮ್ಮನೇಗೆ ಬಂದು ಇರಿ. ಮೂರೂ ಜನ."

"ಅಯ್ಯೋ, ನಿನ್ನ ಒಂದು ರೂಮಲ್ಲಾ? ಗೋಡೆಗೆ ಮೊಳೆ ಹೊಡ್ಕೊಂಡು ನೇತಾಡಬೇಕಷ್ಟೆ." ತಂಗಿ ತಲೆಯೆತ್ತಿ ನೋಡಿದಳು. "ಯಾಕೇ, ಮುಖ ಯಾಕೆ ಹಾಗಿದೆ? ನಿಂಗೆ ಗೊತ್ತಿದ್ರೆ ನೆಟ್ಟಗೆ ಹೇಳು. ಬೀಳುತ್ತಾ, ಬೀಳಲ್ವಾ?"

ಅಕ್ಕ ಬಾಯಿ ತೆರೆದಳು. "ಬೀಳಬಹುದು."

ತಂಗಿ ನಕ್ಕುಬಿಟ್ಟಳು. "ನಿನ್ನ ಮದುವೆ ವಿಷಯಕ್ಕೂ ಹೀಗೇ ಅಂದಿದ್ದೆ, ಆಗಬಹುದು ಅಂತ. ಒಂಬತ್ತು ವರ್ಷ ಆಯ್ತು ತಾಯಿ. ಕೂತ್ಕೋ, ಟೀ ಇಡ್ತೀನಿ."

ಅಕ್ಕನಿಗೆ ನೆಲದ ಮೇಲೆ ಕಾಲೂರಿ ಕೂರಲೂ ಭಯ. ತಂಗಿಯ ಆರು ವರ್ಷದ ಮಗಳು ಹಗ್ಗದಾಟ ಆಡುತ್ತಾ ಒಂದೊಂದು ಸಲ ಧೊಪ್ಪೆಂದಾಗಲೂ ಅಕ್ಕ ಗೋಡೆ ಹಿಡಿದುಕೊಳ್ಳುತ್ತಿದ್ದಳು. ತಾನು ಬರೆದದ್ದು ಮೇ. ಆದರೆ ಇಂಜಿನಿಯರು ಬರೆದುಕೊಟ್ಟಿದ್ದು ಏನು? ಎಷ್ಟು ತಲೆ ಕೆರೆದುಕೊಂಡರೂ ನೆನಪಾಗಲಿಲ್ಲ. ಆ ವಾರ ನಲವತ್ತು ವರದಿ ತಿದ್ದಿದ್ದಳು.

ಸೋಮವಾರ ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಬಂದು ಕಂಪ್ಯೂಟರನ್ನು ಜಾಲಾಡಿದಳು. ಏನೂ ಇರಲಿಲ್ಲ. ಅಳಿಸುವ ಕೆಲಸವನ್ನೂ ಅವಳು ಅಚ್ಚುಕಟ್ಟಾಗಿ ಮಾಡುವವಳೇ. ರಿಜಿಸ್ಟರಿನ ಪ್ರಕಾರ ಆ ನಂಬರಿನ ವರದಿ ಬರೆದವನು ಗಡ್ಡದ ಇಂಜಿನಿಯರು. ಮಾತಿನ ಮಲ್ಲ, ಊಟದ ಹೊತ್ತಿನಲ್ಲಿ ಮೆಟ್ಟಿಲ ಮೇಲೆ ಕೂತು ಊರ ಸುದ್ದಿ ಹೇಳುವವನು. ಅಲ್ಲೇ ಹೋಗಿ ಹಿಡಿದು, ನಂಬರೂ ತಾರೀಕೂ ಹೇಳಿದಳು.

"ಆ ನೆಲಮಾಳಿಗೆ ಕಂಬ ನೆನಪಿದ್ಯಾ ನಿಮಗೆ?"

"ಆ ವಾರ ಹನ್ನೊಂದು ಕಟ್ಟಡ ನೋಡಿದೀನಿ ಅಕ್ಕ. ಕಂಬ ಎಲ್ಲಾ ಒಂದೇ ಥರ ಇರ್ತವೆ, ಮಾವಂದಿರ ಹಾಗೆ."

"ತಮಾಷೆ ಬೇಡ. ಏನಂತ ಬರೆದಿದ್ರಿ? ಬಿದ್ದೇ ಬೀಳುತ್ತೆ ಅಂತಾನಾ?"

"ಬರೆದಿರ್ತೀನಿ." ಅವನು ಸ್ವಲ್ಪ ಸಂಕೋಚಪಟ್ಟ. "ಬೇಜಾರು ಮಾಡ್ಕೋಬೇಡಿ. ನೀವು ಹೇಗೂ ಒಂದು ಮೆಟ್ಟಿಲು ಇಳಿಸ್ತೀರಲ್ಲ, ಅದಕ್ಕೆ ನಾನು ಯಾವಾಗ್ಲೂ ಒಂದು ಮೆಟ್ಟಿಲು ಮೇಲೇ ಇಡ್ತೀನಿ. ಎಲ್ಲರೂ ಹಾಗೇ ಮಾಡೋದು."

ಅವಳು ಗೋಡೆಗೆ ಕೈ ಕೊಟ್ಟಳು. "ನೀವೆಲ್ಲ ಮೇಲಿಡ್ತೀರ ಅಂತ ನಂಗೆ ಅನುಮಾನ ಇತ್ತು. ಅದಕ್ಕೇ ನಾನು ಎರಡು ಇಳಿಸ್ತಿದ್ದೆ."

ಅವನು ಡಬ್ಬಿಯ ಮುಚ್ಚಳ ಹಾಕಿದ.

"ಹಾಗಾದ್ರೆ ನಿಜವಾಗ್ಲೂ ಹೇಗಿತ್ತು ಅದು?" ಅಂದಳು.

"ದೇವರಾಣೆ ಗೊತ್ತಿಲ್ಲ."

"ಅಲ್ಲಿ ನನ್ನ ತಂಗಿ ಇದಾಳೆ."

ಅವನು ಎದ್ದು ಸ್ಕೂಟರಿನ ಕೀ ತೆಗೆದುಕೊಂಡ.

ಮೂರು ಗಂಟೆಯ ಬಿಸಿಲು. ತಂಗಿಯ ಕಟ್ಟಡದ ನೆಲಮಾಳಿಗೆಗೆ ಇಳಿಯುತ್ತಿದ್ದ ಹಾಗೆ ತಣ್ಣಗಿನ ಗಾಳಿ, ಪೆಟ್ರೋಲಿನ ವಾಸನೆ. ಕಾರು ಬಡಿಯದಿರಲಿ ಅಂತ ಕಂಬಗಳಿಗೆಲ್ಲ ಹಳದಿ ಕಪ್ಪು ಪಟ್ಟೆಯ ಬಣ್ಣ ಬಳಿದಿದ್ದರು. ಬಣ್ಣ ಹೊಸದು.

"ಇದೇ ಇರಬೇಕು," ಎಂದು ಅವನು ಮೂಲೆಯ ಕಂಬದ ಮುಂದೆ ಕುಕ್ಕರಗಾಲಲ್ಲಿ ಕೂತ. "ಬಿರುಕಿನ ಮೇಲೆ ಒಂದು ಗಾಜಿನ ಪಟ್ಟಿ ಅಂಟಿಸಿ ಹೋಗ್ತೀವಿ. ಬಿರುಕು ಬೆಳೀತಾ ಇದ್ರೆ ಗಾಜು ಒಡೆದಿರುತ್ತೆ. ಅದನ್ನ ನೋಡಿದ್ರೆ ಸಾಕು, ಗೊತ್ತಾಗುತ್ತೆ."

ಮೊಬೈಲಿನ ಬೆಳಕು ಬಿಟ್ಟು ಹುಡುಕಿದ. ಗಾಜು ಇರಲಿಲ್ಲ. ಬಣ್ಣ ಬಳಿದವರು ಕೆರೆದು ಎಸೆದಿದ್ದರು. ಗಾಜು ಒಡೆದಿತ್ತೋ ಇಲ್ಲವೋ ಈಗ ಹೇಳುವವರಿಲ್ಲ. ಅವಳಿಗೆ ಅಳು ಬರುವ ಹಾಗಾಯಿತು.

ಅವನು ಬೆಳಕನ್ನು ಇನ್ನೂ ಹತ್ತಿರ ಹಿಡಿದ. ಹೊಸ ಬಣ್ಣದ ಮೇಲೆ ಕೂದಲೆಳೆಯಷ್ಟು ಸಣ್ಣ ಗೆರೆ ಓರೆಯಾಗಿ ಓಡಿತ್ತು, ಕಪ್ಪು ಪಟ್ಟೆಯಿಂದ ಹಳದಿಗೆ, ಹಳದಿಯಿಂದ ಮತ್ತೆ ಕಪ್ಪಿಗೆ. ಅವನು ಅಂಗೈಯನ್ನು ಕಂಬದ ಮೇಲಿಟ್ಟು ಹಾಗೇ ಕೂತ. ಯಾರದೋ ಮನೆಯ ಮಿಕ್ಸಿಯೋ ನೀರಿನ ಪಂಪೋ ಎಲ್ಲೋ ಗುಂಯ್ ಎನ್ನುತ್ತಿತ್ತು. ಅದು ನಿಂತಿತು. ಆಗ ಕೇಳಿಸಿತು, ಸಕ್ಕರೆ ಡಬ್ಬಿಗೆ ಸುರಿದ ಹಾಗೆ ಸಣ್ಣ ಸದ್ದು. ಚಿಟಿಕೆಯಷ್ಟು ಪುಡಿ ಅವನ ಬೂಟಿನ ಮೇಲೆ ಬಿತ್ತು.

"ಏನು?" ಅಂದಳು. "ಏನಂತೀರಿ?"

ಗಡ್ಡದವನು ಎದ್ದ. ಓಡಲಿಲ್ಲ, ಆದರೆ ಅವಳಿಗೆ ಅವನ ಸಮಕ್ಕೆ ಹೆಜ್ಜೆ ಹಾಕಲಾಗಲಿಲ್ಲ, ಅಷ್ಟು ಬಿರುಸು. ಮೇಲೆ ಬಂದರೆ ಶಾಲೆಯ ವ್ಯಾನಿನಿಂದ ಇಳಿದ ಮಗು ಮೆಟ್ಟಿಲ ಮೇಲೆ ಕೂತು ಶೂ ಲೇಸಿನ ಜೊತೆ ಜಗಳ ಆಡುತ್ತಿತ್ತು.

"ದೊಡ್ಡಮ್ಮಾ!" ಅಂತ ಕೂಗಿತು.

"ಇದಾ ನಿಮ್ಮ ತಂಗಿ ಮಗಳು?"

ಅವಳು ತಲೆಯಾಡಿಸಿದ್ದೇ ತಡ, ಅವನು ಮಗುವನ್ನು ಬ್ಯಾಗಿನ ಸಮೇತ ಎತ್ತಿಕೊಂಡ. ಗೇಟು ದಾಟಿದ, ರಸ್ತೆ ದಾಟಿದ, ಆಚೆಯ ಕಾಂಪೌಂಡಿಗೆ ಬೆನ್ನು ಕೊಟ್ಟು ನಿಂತ. ಅಲ್ಲಿಂದ ಮೇಲಿನ ಮಹಡಿಗಳತ್ತ ನೋಡಿದ.

ಅಕ್ಕ ಲಿಫ್ಟನ್ನು ಮುಟ್ಟದೆ ಮೆಟ್ಟಿಲು ಹತ್ತಿದಳು. ಒಳಗೆ ಹೋಗುತ್ತಿದ್ದೇನಲ್ಲ, ಹೊರಗೆ ಬರುತ್ತೇನಾ, ಅನ್ನುವ ಯೋಚನೆ ಒಂದೊಂದು ತಿರುವಿನಲ್ಲೂ ಬಂದು ಹೋಯಿತು. ಗೋಡೆ ಸವರಿಕೊಂಡೇ ಹತ್ತಿದಳು. ತಂಗಿ ಬಾಗಿಲು ತೆಗೆದಳು. ಅಕ್ಕ ಅವಳ ರಟ್ಟೆ ಹಿಡಿದು ಕಿಟಕಿಯ ಹತ್ತಿರ ಎಳೆದುಕೊಂಡು ಹೋದಳು.

"ನನ್ನ ಮಗಳನ್ನ ಯಾರೇ ಅವನು ಎತ್ಕೊಂಡು ನಿಂತಿರೋದು?"

"ಆ ವರದಿ ಬರೆದವನು."

ತಂಗಿ ಒಂದು ಗಳಿಗೆ ಕೆಳಗೆ ನೋಡುತ್ತಾ ನಿಂತಳು. ಆಮೇಲೆ ಹೋಗಿ ಒಲೆ ಆರಿಸಿದಳು. ಬಾಗಿಲು ಹಾಕದೆ, ಬರಿಗಾಲಲ್ಲೇ ಇಳಿದಳು.

ಎದುರು ಮನೆಯ ಬಾಗಿಲು ಮುಚ್ಚಿತ್ತು. ಒಳಗೆ ಟೀವಿ ಜೋರಾಗಿ ಹಾಡುತ್ತಿತ್ತು. ಅಕ್ಕ ಗಂಟೆ ಒತ್ತಿದಳು. ಯಾರೂ ಬರಲಿಲ್ಲ. ಮೆಟ್ಟಿಲ ಕಿಟಕಿಯಿಂದ ಗಡ್ಡದವನು ಕಾಣುತ್ತಿದ್ದ, ಒಂದು ಕೈಯಲ್ಲಿ ಮಗು, ಇನ್ನೊಂದು ಕೈ ಬೀಸಿ ಬೀಸಿ ಕರೆಯುತ್ತಿದ್ದ, ಇಳಿದು ಬನ್ನಿ, ಇಳಿದು ಬನ್ನಿ. ಕೆಳಗಿನ ಮಹಡಿಯಲ್ಲಿ ಆಗಲೇ ತಂಗಿ ಯಾರದೋ ಬಾಗಿಲು ಗುದ್ದುವ ಸದ್ದು. ಅಕ್ಕ ಗಂಟೆಯ ಮೇಲಿನ ಬೆರಳನ್ನು ತೆಗೆಯಲಿಲ್ಲ. ಇನ್ನೊಂದು ಅಂಗೈಯಿಂದ ಬಾಗಿಲು ಬಡಿಯತೊಡಗಿದಳು.