ಕಡೂರಿನ ಹಲಗೆಯ ಮೇಲಿನ ತ್ರಿಕೋನ

ಎಂಬತ್ತೊಂದನೇ ಇಸವಿಯಲ್ಲಿ ಕಡೂರಿನ ಗಣಿತ ಅಧ್ಯಾಪಕರ ಸಮ್ಮೇಳನಕ್ಕೆಂದು ನಮ್ಮೂರು ಶಿವನಿಯಲ್ಲಿ ಪ್ಯಾಸೆಂಜರ್ ರೈಲು ಹತ್ತಿದಾಗ ನನಗಿದ್ದ ಆಸೆ ಒಂದೇ. ನನ್ನ ಪ್ರಮೇಯದ ಸಾಧನೆಯನ್ನು ಯಾರಾದರೊಬ್ಬರು ಕಡೆಯ ಸಾಲಿನವರೆಗೂ ಕೇಳಬೇಕು. ತ್ರಿಕೋನದ ಬುಡದ ಎರಡು ಕೋನಗಳನ್ನು ಅರ್ಧ ಮಾಡುವ ಗೆರೆಗಳು ಸಮವಾಗಿದ್ದರೆ ಅದರ ಎರಡು ಬಾಹುಗಳೂ ಸಮ. ಹೇಳಲು ಸುಲಭ, ಸಾಧಿಸಲು ಹೋದರೆ ಪ್ರಾಣ ಹಿಂಡುತ್ತದೆ. ನಾನು ಸಾಧಿಸಿದ್ದೆ. ಆದರೆ ಊರಲ್ಲಿ ಯಾರಿಗೆ ಹೇಳಲಿ? ಮದುವೆಯಾಗಿರಲಿಲ್ಲ, ಸ್ಕೂಲಿನಲ್ಲಿ ಗಣಿತಕ್ಕೆ ನಾನೊಬ್ಬನೇ. ಪಕ್ಕದ ಮನೆಯ ಕಾಶಮ್ಮನಿಗೆ ಒಮ್ಮೆ ಹೇಳಹೋದೆ. "ಅದ್ನ ಸಾಧಿಸಿದ್ರೆ ಏನ್ ಬತ್ತದೆ ಮೇಷ್ಟ್ರೇ? ಒಂದ್ ಹೆಣ್ಣು ನೋಡ್ಕೊಳ್ಳಿ" ಎಂದಳು. ಅಂದಿನಿಂದ ಬಾಯಿ ಹೊಲಿದುಕೊಂಡಿದ್ದೆ.

ಸಮ್ಮೇಳನವೋ, ದೇವರಿಗೇ ಪ್ರೀತಿ! ಬೆಳಿಗ್ಗೆಯೆಲ್ಲ ಹಾರ, ಭಾಷಣ, ವರ್ಗಾವಣೆಯ ಗೋಳು. ನನ್ನನ್ನು ಕರೆದದ್ದು ಊಟದ ಹೊತ್ತಿಗೆ. ಹಲಗೆಗೆ ಮುಖ ಮಾಡಿದರೆ ನನಗೆ ಬೆನ್ನ ಹಿಂದೆ ಪ್ರಳಯವಾದರೂ ತಿಳಿಯದು. ಕಡೆಯ ಸಾಲು ಬರೆದು, "ಗೊತ್ತಾಯ್ತೇನ್ರೋ?" ಎಂದು ಅಭ್ಯಾಸಬಲದಿಂದ ಗದರಿ ತಿರುಗಿದೆ. ಬೆಂಚುಗಳು ಖಾಲಿ. ಹೊರಗಿನಿಂದ ಪಾಯಸದ ಘಮ. ಹಾಳಾಗಿ ಹೋಗಲಿ ಹೊಟ್ಟೆಬಾಕರು!

"ಇಲ್ಲಪ್ಪಾ, ಗೊತ್ತಾಗ್ಲಿಲ್ಲ."

ಕಂಬದ ಮರೆಯಲ್ಲಿ ವಯಸ್ಸಾದವರೊಬ್ಬರು ಕುಳಿತಿದ್ದರು, ತರೀಕೆರೆಯ ತೀರ್ಥಪ್ಪ ಮೇಷ್ಟ್ರು. ಎದ್ದು ಬಂದು ಮೂರನೆಯ ಸಾಲಿನ ಮೇಲೆ ಬೆರಳಿಟ್ಟರು. "ಈ ಎರಡು ಕೋನ ಸಮ ಅಂದ್ರಲ್ಲ, ಯಾಕೆ?"

"ಚಿತ್ರದಲ್ಲಿ ಕಾಣಲ್ವೇನ್ರೀ!" ಎಂದು ರೇಗಿದೆ.

"ಚಿತ್ರಾನೇ ಸಮ ಬರ್ಕೊಂಡಿದೀರಲ್ರೀ."

ನೋಡಿದೆ. ಮೊದಲ ದಿನದಿಂದಲೂ ಆ ತ್ರಿಕೋನವನ್ನು ನಾನು ಸಮ ಬಾಹುಗಳಿಂದಲೇ ಬರೆದಿದ್ದೆ. ಸಾಧಿಸಬೇಕಾದದ್ದನ್ನು ಮೊದಲೇ ಎಳೆದುಕೊಂಡು ಕೂತಿದ್ದೆ. ಹುಡುಗರು ಇದೇ ತಪ್ಪು ಮಾಡಿದರೆ ಕಿವಿ ಹಿಂಡುವವನು ನಾನು! ಆದರೂ, ನಂಬಿದರೆ ನಂಬಿ, ಅಷ್ಟು ಸಂತೋಷ ನನಗೆ ಎಂದೂ ಆಗಿರಲಿಲ್ಲ. ತಪ್ಪು ಹಿಡಿಯಬೇಕಾದರೆ ಅವರು ಕೇಳಿಸಿಕೊಂಡಿರಬೇಕಲ್ಲ!

ಊಟ ಮರೆತು ಮಾತಾಡಿದೆವು. ಸಂಜೆಯ ರೈಲಿನಲ್ಲೂ ಅದೇ ಮಾತು. ಕಡೂರಿಗೂ ಬೀರೂರಿಗೂ ಒಂದು ಬೀಡಿ ಸೇದುವಷ್ಟು ದೂರ. ಅಲ್ಲಿ ಅವರು ಇಳಿದು ತರೀಕೆರೆ ಗಾಡಿ ಹಿಡಿಯಬೇಕು, ನಾನು ಅದೇ ರೈಲಿನಲ್ಲಿ ಅಜ್ಜಂಪುರದ ಮೇಲೆ ಶಿವನಿಗೆ.

"ಬತ್ತೀನಪ್ಪಾ. ಬೇರೆ ದಾರಿ ಹೊಳೆದ್ರೆ ಕಾಗ್ದ ಹಾಕಿ" ಎಂದು ಇಳಿದುಹೋದರು.

ನನ್ನ ಗಾಡಿ ಸಿಳ್ಳೆ ಹಾಕಿತು. ಮನೆ ನೆನಪಾಯಿತು. ಬೀಗ ತೆಗೆಯಬೇಕು, ಒಬ್ಬನಿಗೆ ಅನ್ನಕ್ಕಿಡಬೇಕು, ಗೋಡೆ ನೋಡುತ್ತ ಉಣ್ಣಬೇಕು. ಇವತ್ತು ನನ್ನಿಂದಾಗದು ಎನಿಸಿತು. ಚೀಲ ಎಳೆದುಕೊಂಡು ಧುಮುಕಿದೆ.

ತರೀಕೆರೆ ಗಾಡಿಯಲ್ಲಿ ನನ್ನನ್ನು ಕಂಡು ತೀರ್ಥಪ್ಪನವರು ಕಣ್ಣರಳಿಸಿದರು. "ಇದೇನ್ರೀ, ನಿಮ್ಮೂರು ಆ ಕಡೆ ಅಲ್ವಾ? ಮನೇಲಿ ಕಾಯ್ತಿರ್ತಾರಲ್ವಾ?"

"ಕಾಯೋರು ಯಾರೂ ಇಲ್ಲ" ಎಂದೆ. ಅದನ್ನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು.

ಅವರು ಕಿಟಕಿಯ ಕಡೆಗೆ ಜರುಗಿ ನನಗೆ ಜಾಗ ಮಾಡಿದರು. "ನಮ್ಮನೇಲೂ ಅಷ್ಟೇ ಕಣಪ್ಪಾ" ಎಂದರು.