ವಾಫಲ್ ಮೇಜು ಹಾಕುವ ಜಾಗ

ಗುನ್‌ವೋರ್ ಡಿಸ್ಕಸ್ ಎಸೆಯುತ್ತಿದ್ದ ಕಾಲದಲ್ಲಿ ಅವಳ ದಾಖಲೆಯ ಎಸೆತ ಬಿದ್ದ ಕಡೆ ಕ್ಲಬ್ಬಿನವರು ಒಂದು ಬಿಳಿ ಗೂಟ ನೆಟ್ಟಿದ್ದರು. ಅದನ್ನು ದಾಟಿಸುವವರು ಊರಲ್ಲಿ ಹುಟ್ಟಿಲ್ಲವೆಂದು, ಹಳೆಯ ಓಟಗಾರ ಓಡ್ಮುಂಡ್ ಪ್ರತಿ ಪಂದ್ಯಕ್ಕೂ ವಾಫಲ್ ಎಂಬ ಸಿಹಿ ದೋಸೆ ಸುಟ್ಟು ಮಾರುವ ತನ್ನ ಮೇಜನ್ನು ಗೂಟದ ಹಿಂದೆಯೇ ಹಾಕುತ್ತಿದ್ದ. ಮಂಡಿ ಕೈಕೊಟ್ಟು ಗುನ್‌ವೋರ್ ಕೋಚ್ ಆದಳು. ಮೇಜು ಮಾತ್ರ ಅಲ್ಲಾಡಲಿಲ್ಲ.

"ಸ್ವಲ್ಪ ಹಿಂದಕ್ಕೆ ಹಾಕೋ. ಇವತ್ತು ನನ್ನ ರಾಗ್ನಿ ಎಸೀತಾಳೆ," ಎಂದಳು ಅವಳು, ಈ ಸಲದ ಪಂದ್ಯದ ಬೆಳಿಗ್ಗೆ.

"ನಿನ್ನ ಶಿಷ್ಯರ ಪ್ರತಾಪ ಕೇಳಿ ಕೇಳಿ ಸಾಕಾಗಿದೆ ಬಿಡೇ! ಕರೆಂಟ್ ವಯರು ಇಲ್ಲೀವರೆಗೇ ಬರೋದು," ಎಂದು ಓಡ್ಮುಂಡ್ ಹಿಟ್ಟು ಕಲಸಿದ.

ಗುನ್‌ವೋರ್‌ಗೆ ಮೈ ಉರಿಯಿತು. ಚಳಿಗಾಲವಿಡೀ ಡಿಸ್ಕಸ್ಸಿಗೆ ಕೆಂಪು ರಿಬ್ಬನ್ ಕಟ್ಟಿ ರಾಗ್ನಿಯಿಂದ ಹಿಮದೊಳಕ್ಕೆ ಎಸೆಯಿಸಿದವಳು ಅವಳು. ಸೊಂಟದ ಮಟ್ಟದ ಹಿಮದಲ್ಲಿ ನಡೆದು ಹೆಕ್ಕಿ ತಂದವಳು ರಾಗ್ನಿ. ಆ ರಿಬ್ಬನ್ನು ದಿನದಿನಕ್ಕೂ ದೂರ ಹೋಗುತ್ತಿದ್ದುದನ್ನು ಕಂಡವರು ಅವರಿಬ್ಬರೇ.

ರಾಗ್ನಿ ಎಸೆತದ ವೃತ್ತಕ್ಕೆ ಇಳಿದಾಗ ಫ್ಯೋರ್ಡ್ ಕೊಲ್ಲಿಯ ಕಡೆಯಿಂದ ಎದುರುಗಾಳಿ ಎದ್ದಿತು. ಡಿಸ್ಕಸ್ಸನ್ನು ಎತ್ತಿ ಹಿಡಿಯುವ ಗಾಳಿ ಅದು.

"ಈಗ ಬಿಡು!" ಎಂದು ಗುನ್‌ವೋರ್ ಕೂಗಿದಳು.

ರಾಗ್ನಿ ಬುಗುರಿಯಂತೆ ತಿರುಗಿ ಬೀಸಿದಳು. ಡಿಸ್ಕಸ್ ಗೂಟದ ನೆತ್ತಿಯ ಮೇಲೆ ಹಾರಿ, ಆಚೆಯ ಹುಲ್ಲಿಗೆ ಬಿದ್ದು, ಜಾರುತ್ತಾ ಹೋಗಿ ಮೇಜಿನ ಕಾಲಿಗೆ ಬಡಿಯಿತು. ಹಿಟ್ಟಿನ ಪಾತ್ರೆ ಮಗುಚಿ ಓಡ್ಮುಂಡ್‌ನ ಪ್ಯಾಂಟಿನ ಮೇಲೆಲ್ಲ ಸುರಿಯಿತು.

ಮೈದಾನವೇ ಹೋ ಎಂದಿತು. ಗುನ್‌ವೋರ್ ಕುಂಟುತ್ತಾ ಹೋಗಿ ತನ್ನ ಗೂಟವನ್ನು ತಾನೇ ಕಿತ್ತು, ಹೊಸ ಗುರುತಿನಲ್ಲಿ ನೆಟ್ಟಳು.

"ಈಗ ಮೇಜು ಎಲ್ಲಿ ಹಾಕ್ಲಿ ಮಾರಾಯ್ತಿ?" ಎಂದ ಓಡ್ಮುಂಡ್, ಹಿಟ್ಟು ಒರೆಸಿಕೊಳ್ಳುತ್ತಾ.

"ಬೇಲಿ ಆಚೆ ಹಾಕೋ, ಬೇಗ," ಎಂದಳು ಗುನ್‌ವೋರ್. "ಅವಳದು ಇನ್ನೂ ಮೊದಲನೇ ಎಸೆತ."